ತಕ್ಕಡಿ ತೋರಿಸದ ಕೊಬ್ಬು

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಶಿಕ್ಷಕರೊಡನೆ ಮಧುಮೇಹದ ಮಾತು ಬಂದಾಗ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ. ‘ದಪ್ಪಗಿರುವವರಿಗೆ ಸಕ್ಕರೆ ಕಾಯಿಲೆ ಬರುತ್ತದೆಂದು ಪಾಠ ಹೇಳುತ್ತೇವೆ. ತೆಳ್ಳಗಿರುವವರಿಗೂ ಬರುತ್ತದಲ್ಲ, ಏಕೆ?’ ಇದಕ್ಕೆ ಉತ್ತರ ಹುಡುಕಿದ ಕಥೆ ಬಹುಮಟ್ಟಿಗೆ ಅಳತೆಯ ಕಥೆ. ಭೌತಶಾಸ್ತ್ರದವನಾದ ನಾನು ಇದರಲ್ಲಿ ತಲೆಹಾಕುತ್ತಿರುವುದು ಅದಕ್ಕಾಗಿಯೇ.

ಸುಶ್ರುತ ಸಂಹಿತೆ ಪ್ರಮೇಹ ರೋಗಿಗಳಲ್ಲಿ ಕೃಶರು, ಸ್ಥೂಲರು ಎಂಬ ಎರಡು ಬಗೆಯನ್ನು ಗುರುತಿಸಿತ್ತು. ಆದರೆ 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಪತ್ತೆಯಾದ ಮೇಲೆ, ಮಧುಮೇಹವೆಂದರೆ ಇನ್ಸುಲಿನ್ ಕೊರತೆ ಎಂಬ ಭಾವನೆ ಬಲವಾಗಿ ಬೇರೂರಿತು. 1936ರಲ್ಲಿ ಲಂಡನ್ನಿನ ಹೆರಾಲ್ಡ್ ಹಿಮ್ಸ್‌ವರ್ತ್ ರೋಗಿಗಳಿಗೆ ಗ್ಲೂಕೋಸ್ ಕುಡಿಸಿ, ಜೊತೆಗೇ ಇನ್ಸುಲಿನ್ ಚುಚ್ಚಿ, ರಕ್ತದ ಸಕ್ಕರೆಯನ್ನು ಅಳೆಯುತ್ತ ಹೋದರು. ಕೆಲವರಲ್ಲಿ ಅದು ಹತೋಟಿಗೆ ಬಂತು. ಉಳಿದವರಲ್ಲಿ ಇನ್ಸುಲಿನ್ ಕೊಟ್ಟರೂ ಏರಿತು. ಈ ಎರಡನೆಯ ಗುಂಪಿನಲ್ಲಿ ವಯಸ್ಸಾದವರು, ಸ್ಥೂಲಕಾಯದವರು ಹೆಚ್ಚು.

ಅಂಥವರ ರಕ್ತದಲ್ಲಿ ಸ್ವಂತ ಇನ್ಸುಲಿನ್ ಎಷ್ಟಿದೆ? ಉಪವಾಸದಲ್ಲಿ ಒಂದು ಮಿಲಿಲೀಟರ್ ರಕ್ತದಲ್ಲಿರುವುದು ಗ್ರಾಮಿನ ನೂರು ಕೋಟಿಯ ಒಂದಂಶಕ್ಕಿಂತಲೂ ಕಡಿಮೆ. ಇದನ್ನು ಅಳೆಯುವ ದಾರಿ ತೋರಿಸಿದವರಲ್ಲಿ ಒಬ್ಬರು ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ರೋಸಲಿನ್ ಯಾಲೋ. ನ್ಯೂಯಾರ್ಕಿನಲ್ಲಿ ಅವರು ವೈದ್ಯ ಸಾಲೊಮನ್ ಬರ್ಸನ್ ಜೊತೆ ಇನ್ಸುಲಿನ್ನಿಗೆ ವಿಕಿರಣಶೀಲ ಅಯೊಡಿನ್-131 ಅಂಟಿಸಿ, ಅದನ್ನು ಹಿಡಿಯುವ ಪ್ರತಿಕಾಯಗಳೊಡನೆ ಬೆರೆಸಿದರು. ರೋಗಿಯ ರಕ್ತರಸ ಸೇರಿಸಿದಾಗ ಅದರೊಳಗಿನ ಇನ್ಸುಲಿನ್ ಸಹ ಅದೇ ಪ್ರತಿಕಾಯಗಳಿಗಾಗಿ ಸ್ಪರ್ಧಿಸುತ್ತದೆ. ಅದು ಹೆಚ್ಚಿದಷ್ಟೂ ಪ್ರತಿಕಾಯಕ್ಕೆ ಅಂಟಿದ ವಿಕಿರಣ ಕಡಿಮೆ. ಎಣಿಸಬೇಕಾದದ್ದು ಅಷ್ಟೇ! 1960ರ ಅವರ ಅಳತೆಗಳಲ್ಲಿ, ವಯಸ್ಕರ ಮಧುಮೇಹದಲ್ಲಿ ಇನ್ಸುಲಿನ್ ಬತ್ತಿಲ್ಲ, ಹಲವರಲ್ಲಿ ಹೆಚ್ಚೇ ಇದೆ ಎಂದು ಕಂಡಿತು. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು.

ಇನ್ಸುಲಿನ್ ಇದ್ದೂ ಕೆಲಸವಾಗದಿರುವುದೇ ಇನ್ಸುಲಿನ್ ಪ್ರತಿರೋಧ. ಚರ್ಮದಡಿಯ ಕೊಬ್ಬಿನ ಉಗ್ರಾಣ ತುಂಬಿದರೆ ಹೆಚ್ಚುವರಿ ಕೊಬ್ಬು ಯಕೃತ್ತು, ಸ್ನಾಯು ಮತ್ತು ಹೊಟ್ಟೆಯ ಅಂಗಗಳ ಸುತ್ತ ಸೇರುತ್ತದೆ. ಅಲ್ಲಿ ಅದರ ಉತ್ಪನ್ನಗಳು ಇನ್ಸುಲಿನ್ ಗ್ರಾಹಕದಿಂದ ಕೋಶದೊಳಕ್ಕೆ ಹೋಗುವ ಸಂಕೇತವನ್ನು ತಡೆಯುತ್ತವೆ. ಸ್ನಾಯು ಗ್ಲೂಕೋಸನ್ನು ಸರಿಯಾಗಿ ಹೀರದು, ಯಕೃತ್ತು ಬಿಡುಗಡೆ ನಿಲ್ಲಿಸದು. ಮೇದೋಜೀರಕದ ಬೀಟಾ ಕೋಶಗಳು ಹೆಚ್ಚು ದುಡಿದು, ಕೊನೆಗೆ ಸೋಲುತ್ತವೆ. ಉಗ್ರಾಣದ ಗಾತ್ರ ಮಾತ್ರ ಎಲ್ಲರಿಗೂ ಒಂದೇ ಅಲ್ಲ.

ಶಿಕ್ಷಕರ ಪ್ರಶ್ನೆಗೆ ಉತ್ತರ ಇಲ್ಲಿದೆ. 2004ರಲ್ಲಿ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮಿಬ್ಬರ ಚಿತ್ರವನ್ನೇ ‘ಲ್ಯಾನ್ಸೆಟ್’ನಲ್ಲಿ ಅಚ್ಚುಹಾಕಿಸಿದರು. ಇಬ್ಬರ ದೇಹತೂಕ ಸೂಚ್ಯಂಕ, ಅಂದರೆ ಕಿಲೋಗ್ರಾಮ್ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ, 22.3. ಆದರೆ ಯುಡ್ಕಿನ್ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ದೇಹದಲ್ಲಿ ಶೇ. 21.2! ಪುಣೆ ಸುತ್ತಲಿನ ಹಳ್ಳಿಗಳ ಶಿಶುಗಳು ಸರಾಸರಿ 2.7 ಕಿ.ಗ್ರಾಂ., ಇಂಗ್ಲೆಂಡಿನ ಸೌತಾಂಪ್ಟನ್ನಿನವು 3.5, ಆದರೂ ನಮ್ಮ ಶಿಶುಗಳಲ್ಲಿ ಸ್ನಾಯು ಕಡಿಮೆಯಾದಷ್ಟು ಕೊಬ್ಬು ಕಡಿಮೆಯಾಗಿರಲಿಲ್ಲ.

ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಶಿಶುಗಳ ತೂಕ, ಉದ್ದಗಳನ್ನು ಬರೆದಿಟ್ಟಿತ್ತು. ಆಗ ಅದು ನಿತ್ಯದ ದಾಖಲೆ, ಅಷ್ಟೇ. ಅಲ್ಲಿ ಹುಟ್ಟಿದ 506 ಮಂದಿಯನ್ನು ಪರೀಕ್ಷಿಸಿದ ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಫಲಿತಾಂಶ ಅನಿರೀಕ್ಷಿತ. ಬ್ರಿಟನ್ನಿನಲ್ಲಿ ಕಂಡಂತೆ ಕಡಿಮೆ ಜನನತೂಕಕ್ಕೂ ಮಧುಮೇಹಕ್ಕೂ ಇಲ್ಲಿ ನಂಟು ಕಾಣಲಿಲ್ಲ. ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದ ಶಿಶುಗಳಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮುಂದೆ ಮಧುಮೇಹ ಹೆಚ್ಚು.

ಹಾಗೆಂದು ತೂಕವನ್ನು ತಳ್ಳಿಹಾಕುವಂತಿಲ್ಲ. 2011ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ 11 ರೋಗಿಗಳಿಗೆ ದಿನಕ್ಕೆ ಸುಮಾರು 600 ಕಿಲೋಕ್ಯಾಲರಿ ಆಹಾರವಷ್ಟೇ ಕೊಟ್ಟಾಗ, ವಾರದಲ್ಲೇ ಯಕೃತ್ತಿನ ಕೊಬ್ಬು ಇಳಿದು ಉಪವಾಸದ ಸಕ್ಕರೆ ಸಹಜಕ್ಕೆ ಬಂತು. ಆದರೆ ಚೆನ್ನೈನ ರಾಮಚಂದ್ರನ್ ತಂಡ 2006ರಲ್ಲಿ ವರದಿಮಾಡಿದ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದ 531 ಮಂದಿಯ ಪೈಕಿ ಆಹಾರ, ನಡಿಗೆಗಳನ್ನು ತಿದ್ದಿಕೊಂಡ ಗುಂಪಿನಲ್ಲಿ ಅಪಾಯ ಶೇ. 28.5ರಷ್ಟು ಕುಗ್ಗಿತ್ತು, ತೂಕ ಹೆಚ್ಚೇನೂ ಇಳಿದಿರಲಿಲ್ಲ. ಸಂಕೋಚಿಸುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ. ಜೋಯಿಡಾದ ಏರುದಾರಿಯಲ್ಲಿ ನಡೆಯುವವರ ಕಾಲಿನಲ್ಲಿ ಆಗುವುದೂ ಅದೇ. ಆ ಲೆಕ್ಕ ತಕ್ಕಡಿಯ ಮುಳ್ಳಿಗೆ ಕಾಣದು.