ಜಠರದ ಗೋಡೆಯಾಚೆಗೆ ಒಂದು ದಾರಿ

ಜಠರದ ಹಿಂದೆ ಮೇದೋಜೀರಕ ಗ್ರಂಥಿ ಅಡ್ಡಲಾಗಿ ಮಲಗಿದೆಯೆಂದು ವಿದ್ಯಾರ್ಥಿಗಳು ಪಾಠದಲ್ಲಿ ಓದಿರುತ್ತೀರಿ. ಈ ಗ್ರಂಥಿಗೆ ಉರಿಯೂತ ಬಂದಾಗ ಅದರ ಜೀರ್ಣರಸ ಕೆಲವೊಮ್ಮೆ ಹೊರಕ್ಕೆ ಸೋರುತ್ತದೆ. ಕೆಲವು ವಾರಗಳಲ್ಲಿ ಅದರ ಸುತ್ತ ಗೋಡೆ ಬೆಳೆದು, ದ್ರವ ತುಂಬಿದ ಚೀಲವಾಗುತ್ತದೆ. ನಿಜವಾದ ಸಿಸ್ಟ್‌ಗೆ ಇರುವ ಒಳಪದರ ಇದಕ್ಕಿಲ್ಲದ ಕಾರಣ ವೈದ್ಯರು ಇದನ್ನು ಹುಸಿ ಸಿಸ್ಟ್ ಎನ್ನುತ್ತಾರೆ. ಎಷ್ಟೋ ಚೀಲಗಳು ತಾವಾಗಿಯೇ ಕರಗುತ್ತವೆ. ಕರಗದೆ ಬೆಳೆದದ್ದು ಜಠರವನ್ನು ಒತ್ತುತ್ತದೆ, ಕೀವುಗಟ್ಟುತ್ತದೆ, ಪ್ರಾಣಕ್ಕೂ ಕುತ್ತು ತರಬಹುದು. ಅದನ್ನು ಬರಿದು ಮಾಡುವುದು ಹೇಗೆ?

1883ರಲ್ಲಿ ಪ್ರಾಗ್‌ನ ಶಸ್ತ್ರವೈದ್ಯ ಗುಸೆನ್‌ಬಾವರ್, ಚೀಲದ ಬಾಯನ್ನು ಹೊಟ್ಟೆಯ ಚರ್ಮಕ್ಕೆ ಹೊಲಿದು ರಸವನ್ನು ಹೊರಕ್ಕೆ ಹರಿಯಬಿಟ್ಟ ಕ್ರಮವನ್ನು ವರದಿ ಮಾಡಿದರು. ಚರ್ಮವನ್ನೇ ಸುಡುವಂಥ ರಸವದು. ರೋಗಿಯ ಪಾಡನ್ನು ನೀವೇ ಊಹಿಸಿಕೊಳ್ಳಿ. 1931ರಲ್ಲಿ ಪೋಲೆಂಡಿನ ಯುರಾಶ್ ಇನ್ನೊಂದು ಕ್ರಮವನ್ನು ಪ್ರಕಟಿಸಿದರು. ಚೀಲ ಜಠರಕ್ಕೆ ಅಂಟಿಕೊಂಡಿರುವಾಗ ಜಠರದ ಹಿಂಗೋಡೆಯಲ್ಲೇ ಕಿಂಡಿ ತೆರೆದರೆ ರಸ ಒಳಗೇ ಹರಿದು ಕರುಳಿಗೆ ಸಾಗುತ್ತದೆ. ಇಂದಿನ ಚಿಕಿತ್ಸೆಯ ತಿರುಳೂ ಇದೇ. ಆದರೆ ಅಂದು ಅದಕ್ಕೆ ಹೊಟ್ಟೆ ಕೊಯ್ಯಲೇಬೇಕಿತ್ತು.

1957ರಲ್ಲಿ ಹಿರ್ಶೊವಿಟ್ಸ್ ಗಾಜಿನ ಎಳೆಗಳಿಂದ ಬಾಗುವ ಎಂಡೋಸ್ಕೋಪ್ ರೂಪಿಸಿದ ಮೇಲೆ, ಬಾಯಿಯ ಮೂಲಕ ಜಠರದೊಳಗೆ ಇಣುಕುವುದು ಸುಲಭವಾಯಿತು. 1975ರಲ್ಲಿ ಅಮೆರಿಕದ ವೈದ್ಯರು ಅದರೊಳಗಿಂದ ಸೂಜಿ ತೂರಿಸಿ ಚೀಲದ ದ್ರವವನ್ನು ಹೀರಿ ತೆಗೆದರು. ಆದರೆ ಹೀಗೆ ತೆಗೆದ ದ್ರವ ಮತ್ತೆ ತುಂಬಿಕೊಳ್ಳಬಲ್ಲದು. ಕಿಂಡಿ ತೆರೆದೇ ಇರಬೇಕು. ಬ್ರಸೆಲ್ಸ್‌ನ ಕ್ರೆಮರ್ ತಂಡ ಅಂಥ ಕಿಂಡಿಗಳನ್ನು ಮಾಡಿ, 1989ರಲ್ಲಿ 33 ರೋಗಿಗಳ ಅನುಭವವನ್ನು ಪ್ರಕಟಿಸಿತು.

ಇಲ್ಲೊಂದು ತೊಡಕಿತ್ತು. ಎಂಡೋಸ್ಕೋಪಿಗೆ ಕಾಣುವುದು ಗೋಡೆಯ ಈಚೆ ಬದಿ ಮಾತ್ರ. ಗೋಡೆ ಉಬ್ಬಿದ ಕಡೆ ಚೀಲವಿದೆಯೆಂದು ನಂಬಿ ಚುಚ್ಚಬೇಕು. ನಡುವೆ ರಕ್ತನಾಳವಿದ್ದರೆ? ಉಬ್ಬೇ ಇಲ್ಲದಿದ್ದರೆ? ಹೊಟ್ಟೆಯ ಮೇಲಿಂದ ಅಲ್ಟ್ರಾಸೌಂಡ್ ಹಾಯಿಸಿದರೂ ಜಠರ ಮತ್ತು ಕರುಳಿನ ಗಾಳಿ ಆ ಧ್ವನಿತರಂಗಗಳನ್ನು ತಡೆಯುತ್ತದೆ.

ಹಾಗಾದರೆ ಧ್ವನಿಯ ಆಕರವನ್ನೇ ಒಳಗೆ ಕಳುಹಿಸಿದರೆ? 1980ರಲ್ಲಿ ಮೇಯೊ ಕ್ಲಿನಿಕ್‌ನ ಡಿಮ್ಯಾಗ್ನೊ ತಂಡ, ಎಂಡೋಸ್ಕೋಪಿನ ತುದಿಗೆ ಅಲ್ಟ್ರಾಸೌಂಡ್ ಸಾಧನ ಕೂರಿಸಿದ ಬಗ್ಗೆ ವರದಿ ಮಾಡಿತು. ಆರಂಭದ ಹಲವು ಉಪಕರಣಗಳು ಕೊಳವೆಗೆ ಅಡ್ಡಲಾಗಿ, ಬಳೆಯಂತೆ ಸುತ್ತಲಿನ ಚಿತ್ರ ಕೊಡುತ್ತಿದ್ದವು. ಸೂಜಿ ಹಾದುಹೋಗುವ ದಾರಿ ಅದರಲ್ಲಿ ಸಿಗದು. 1990ರ ದಶಕದ ಆರಂಭದಲ್ಲಿ ಕೊಳವೆಯ ಉದ್ದಕ್ಕೆ ಚಿತ್ರ ಕೊಡುವ ಉಪಕರಣ ಬಂದಾಗ, ಸೂಜಿ ಗೋಡೆ ದಾಟಿ ಚೀಲ ಸೇರುವವರೆಗೂ ಪರದೆಯ ಮೇಲೆ ಕಾಣತೊಡಗಿತು. ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ತಿರುವು ಇದು. 1992ರಲ್ಲಿ ಹ್ಯಾಂಬರ್ಗ್‌ನ ಗ್ರಿಮ್, ಬಿನ್‌ಮೊಲರ್ ಮತ್ತು ಸೊಹೆಂದ್ರ ಹೀಗೆ ಹುಸಿ ಸಿಸ್ಟನ್ನು ಬರಿದು ಮಾಡಿದ್ದನ್ನು ವರದಿ ಮಾಡಿದರು.

ಶಸ್ತ್ರಕ್ರಿಯೆಗೆ ಇದು ಸಾಟಿಯೇ? 2013ರಲ್ಲಿ ವರದರಾಜುಲು ತಂಡ ಅಮೆರಿಕದಲ್ಲಿ 40 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದ ಫಲಿತಾಂಶ ಪ್ರಕಟವಾಯಿತು. ಗುಣವಾಗುವುದರಲ್ಲಿ ಎರಡೂ ಸಮಸಮ. ಆಸ್ಪತ್ರೆವಾಸ ಮಾತ್ರ ಶಸ್ತ್ರಕ್ರಿಯೆಗೆ ಸುಮಾರು 6 ದಿನ, ಎಂಡೋಸ್ಕೋಪಿಗೆ 2 ದಿನ.

ಗ್ರಂಥಿಯಲ್ಲಿ ಕಾಣುವ ಚೀಲವೆಲ್ಲ ಹುಸಿ ಸಿಸ್ಟ್ ಅಲ್ಲ. ಲೋಳೆ ತುಂಬಿದ ಕೆಲವು ಸಿಸ್ಟ್‌ಗಳು ಮುಂದೆ ಕ್ಯಾನ್ಸರ್ ಆಗಬಲ್ಲವು. ಅವಕ್ಕೆ ಕಿಂಡಿ ತೆರೆಯುವುದು ತಪ್ಪು ಚಿಕಿತ್ಸೆ. ಅಲ್ಲಿ ಇದೇ ಸೂಜಿ ಸ್ವಲ್ಪ ದ್ರವವನ್ನು ಪರೀಕ್ಷೆಗೆ ತೆಗೆದುಕೊಡುತ್ತದೆ.

ಹ್ಯಾಂಬರ್ಗ್‌ನ ಆ ಬಿನ್‌ಮೊಲರ್ ಮುಂದೆ ಅಮೆರಿಕದಲ್ಲಿ, ಎರಡೂ ತುದಿ ಅಗಲವಾಗಿ ನಡು ಕಿರಿದಾದ, ಲೋಹದೆಳೆಯ ಗಿಡ್ಡ ನಳಿಗೆಯೊಂದನ್ನು ರೂಪಿಸಿದರು. ಜಠರದ ಗೋಡೆಯನ್ನೂ ಚೀಲದ ಗೋಡೆಯನ್ನೂ ಅದು ಗುಂಡಿಯಂತೆ ಒತ್ತಿ ಹಿಡಿದು ಕಿಂಡಿ ಮುಚ್ಚದಂತೆ ಕಾಯುತ್ತದೆ. 2013ರ ಡಿಸೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಅದಕ್ಕೆ ಒಪ್ಪಿಗೆ ನೀಡಿತು. ಚೀಲ ಬತ್ತಿದ ಮೇಲೆ, ಕೆಲವು ವಾರಗಳಲ್ಲಿ, ವೈದ್ಯರು ಅದನ್ನು ಬಾಯಿಯ ಮೂಲಕವೇ ಹೊರಕ್ಕೆ ತೆಗೆಯುತ್ತಾರೆ.