ಪೇಟಿ, ತಬಲಾ, ಹಲಗಿ: ನಮ್ಮ ಶಾಲೆಯ ಹಾಡಿನ ತಂಡಗಳು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಶಾಲೆಯ ಹಾಡಿನ ತಂಡಗಳ ಇತಿಹಾಸ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಮೊದಲು ಕಚೇರಿಯ ಕಪಾಟು ತೆಗೆಸಿ ನೋಡಿದೆ. ದಾಖಲಾತಿ ಪುಸ್ತಕಗಳಿವೆ, ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಗಳಿವೆ, ಕಬಡ್ಡಿಯಲ್ಲಿ ಗೆದ್ದ ಕಪ್ಪುಗಳೂ ಇವೆ. ಹಾಡಿದವರ ಹೆಸರು ಎಲ್ಲಿಯೂ ಇಲ್ಲ. ಸಿಕ್ಕಿದ್ದು ಎರಡೇ: ಒಂದು ಹಳೆಯ ಪೇಟಿ, ಮೊದಲ ತಂಡದ ಒಂದು ಕಪ್ಪು ಬಿಳುಪು ಫೋಟೋ. ಉಳಿದದ್ದನ್ನು ನೆನಪಿನಿಂದಲೇ ಬರೆಯುತ್ತಿದ್ದೇನೆ. ಆ ಫೋಟೋದಲ್ಲಿ ನಾನೂ ಇದ್ದೇನೆ. ಮುಂದೆ ಇದೇ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದೆ.

ನಮ್ಮ ಶಾಲೆಗೆ ಸಂಗೀತ ಶಿಕ್ಷಕರ ಹುದ್ದೆ ಎಂದೂ ಮಂಜೂರಾಗಲಿಲ್ಲ. ಆದರೆ ಹಾಡಿಗೆ ಬರವಿರಲಿಲ್ಲ. ಪಂಚಾಕ್ಷರ ಗವಾಯಿಗಳು ಹುಟ್ಟಿದ್ದು ನಮ್ಮ ಹಾವೇರಿ ಸೀಮೆಯ ಹಾನಗಲ್ಲ ತಾಲ್ಲೂಕಿನಲ್ಲಿ. ಗದಗಿನಲ್ಲಿ ಅವರು ಕಟ್ಟಿದ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಈ ಭಾಗದ ಹಳ್ಳಿಗಳಲ್ಲೆಲ್ಲ ಪುರಾಣಕ್ಕೆ, ನಾಟಕಕ್ಕೆ, ಭಜನೆಗೆ ಪೇಟಿ ಹಿಡಿದು ಕೂಡುತ್ತಿದ್ದರು. ಇನ್ನು ಶರೀಫರ ಶಿಶುನಾಳ ಪಕ್ಕದ ಶಿಗ್ಗಾವಿ ತಾಲ್ಲೂಕಿನಲ್ಲೇ ಇದೆ. 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನ್ಸೂರ, ಬಸವರಾಜ ರಾಜಗುರು ಅವರ ವಚನ ಗಾಯನ ಪಂಚಾಯ್ತಿ ಕಟ್ಟೆಯ ರೇಡಿಯೋದಲ್ಲಿ ಕೇಳುತ್ತಿತ್ತು.

ಗದಗಿನಲ್ಲಿ ಕಲಿತ ಅಂಥ ಒಬ್ಬ ಪೇಟಿ ಮಾಸ್ತರರು ನಮ್ಮೂರಲ್ಲಿದ್ದರು. ಮುಖ್ಯೋಪಾಧ್ಯಾಯರು ಕೇಳಿಕೊಂಡದ್ದಕ್ಕೆ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಬಂದು ಕಲಿಸುತ್ತಿದ್ದರು. ಪಗಾರವಿಲ್ಲ, ಒಂದು ಕಪ್ ಚಹಾ ಅಷ್ಟೇ. ಪೇಟಿಯ ತಿದಿಯನ್ನು ಇಲಿ ಕಡಿದಿತ್ತು. ಸೈಕಲ್ ಅಂಗಡಿಯ ಸಲ್ಯೂಷನ್ ಹಚ್ಚಿ ಟ್ಯೂಬಿನ ತುಂಡು ಅಂಟಿಸಿದ್ದೆವು. ದೊಡ್ಡ ತೊಂದರೆ ಶ್ರುತಿಯದು. ದನಿ ಒಡೆದ ಹುಡುಗರಿಗೆ ಕರಿ ಒಂದು ಬೇಕು, ಹುಡುಗಿಯರಿಗೆ ಕರಿ ನಾಲ್ಕು ಅಥವಾ ಐದು. ಎರಡಕ್ಕೂ ನಡುವೆ ಎಲ್ಲಿ ಹಿಡಿದರೂ ಯಾರಾದರೂ ಚೀರಬೇಕು, ಇಲ್ಲವೆ ಗೊಣಗಬೇಕು. ಒಂಬತ್ತನೆಯ ಇಯತ್ತೆಯ ನಾಲ್ವರನ್ನು ಮಾಸ್ತರರು ಹಿಂದಿನ ಸಾಲಿಗೆ ಕೂಡಿಸಿ, "ನೀವು ಬರೇ ಬಾಯಿ ಆಡಸ್ರೆಪಾ, ದನಿ ತಗೀಬ್ಯಾಡ್ರಿ" ಎಂದಿದ್ದರು. ಆ ನಾಲ್ವರಲ್ಲಿ ಒಬ್ಬರು ಈಗ ಮಹೋತ್ಸವ ಸಮಿತಿಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.

ವಾರ್ಷಿಕ ಸ್ನೇಹ ಸಮ್ಮೇಳನ, ಅಂದರೆ ನಮ್ಮ ಬಾಯಲ್ಲಿ ಗ್ಯಾದರಿಂಗು, ರಾತ್ರಿ ನಡೆಯುತ್ತಿತ್ತು. ಹುಡುಗಿಯರು ತಿಂಗಳುಗಟ್ಟಲೆ ಕಲಿತರೂ ಆ ರಾತ್ರಿ ಮನೆಯಿಂದ ಕಳಿಸುತ್ತಿರಲಿಲ್ಲ. ಮೂರನೆಯ ವರ್ಷ ಕಾರ್ಯಕ್ರಮವನ್ನು ಮಧ್ಯಾಹ್ನಕ್ಕೆ ತಂದ ಮೇಲೆ ಅವರೂ ವೇದಿಕೆ ಹತ್ತಿದರು.

ಇನ್ನು ಬರೆಯಲೇಬೇಕಾದ ಸಂಗತಿ. ನಾನು ತಂಡದ ಮುಂದಾಳು ಆಗಿದ್ದ ವರ್ಷ ಗ್ಯಾದರಿಂಗಿಗೆ ನಾಲ್ಕು ದಿನ ಇರುವಾಗ ತಬಲಾದ ಚರ್ಮ ಹರಿಯಿತು. ನಮ್ಮ ತರಗತಿಯ ಒಬ್ಬ ಹುಡುಗ ಹಲಗಿ ಬಾರಿಸುವುದರಲ್ಲಿ ಬಹಳ ಜಾಣ. ಮನೆತನದಿಂದ ಬಂದ ವಿದ್ಯೆ ಅದು, ಅಪ್ಪ ಊರ ದೇವರ ಮುಂದೆ ಬಾರಿಸುವವರು. ಅವನಾಗಿಯೇ ಬಂದು, "ನಾ ಹಲಗಿ ತರ್ಲೇನೋ? ತಾಳಕ್ಕ ಕಡಿಮಿ ಬೀಳೂದಿಲ್ಲ" ಎಂದ. ನಾನು, "ಹಲಗಿ ಶ್ರುತಿಗೆ ಕೂಡೂದಿಲ್ಲೋ" ಎಂದೆ. ಸುಳ್ಳು. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಹಲಗಿ ಎಷ್ಟು ಚೆನ್ನಾಗಿ ಕೂಡುತ್ತದೆಂದು ನನಗೆ ಗೊತ್ತಿತ್ತು. ಹೋಳಿ ಹುಣ್ಣಿಮೆಗೆ ಓಣಿಯ ಹುಡುಗರೆಲ್ಲ ಅದನ್ನೇ ಬಾರಿಸಿಕೊಂಡು ತಿರುಗುತ್ತಿದ್ದೆವು. ಆ ಹಲಗಿಯನ್ನೂ ಅವನನ್ನೂ ಜಮಖಾನೆಯ ಮೇಲೆ ಕೂಡಿಸಿಕೊಳ್ಳಲು ನಮ್ಮ ಮನಸ್ಸು ಒಪ್ಪಲಿಲ್ಲ. ದೊಡ್ಡವರು ಯಾರೂ ನಮಗೆ ಹಾಗೆ ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಆ ದಿನ ಡೆಸ್ಕಿನ ಹಲಗೆ ತಟ್ಟಿಕೊಂಡು ಹಾಡಿದೆವು. ಹಾಡಿದ್ದು ಬಸವಣ್ಣನವರ ವಚನ, ಶರೀಫರ ತತ್ವಪದ. ಅವನು ಕಿಟಕಿಯ ಹೊರಗೆ ನಿಂತು ಕೇಳಿದ. ಮುಂದಿನ ಜೂನ್‌ನಲ್ಲಿ ಅವನು ಶಾಲೆಗೆ ಬರಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿತ್ತೋ, ಬಡತನವೇ ಕಾರಣವೋ, ನಾನು ಕೇಳಲಿಲ್ಲ.

ನಾನು ಶಿಕ್ಷಕನಾಗಿ ಮರಳಿ ಬಂದಾಗ ತಂಡಗಳ ರೀತಿ ಬದಲಾಗಿತ್ತು. ಕ್ಯಾಸೆಟ್ ಕೇಳಿ ಸಿ. ಅಶ್ವತ್ಥರ ಧಾಟಿಯಲ್ಲಿ ಭಾವಗೀತೆ ಹಾಡುವ ಮಕ್ಕಳು ಬಂದಿದ್ದರು. ಪ್ರತಿಭಾ ಕಾರಂಜಿ ಶುರುವಾದ ಮೇಲೆ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ ಎಂದು ಓಡಾಟ ಹೆಚ್ಚಿತು; ಕವ್ವಾಲಿಗೂ ಒಂದು ತಂಡ ಕಟ್ಟಿದೆವು. ಸ್ಪರ್ಧೆಯಿಂದ ತಯಾರಿ ಚುರುಕಾಯಿತು, ನಿಜ. ಆದರೆ ಬಹುಮಾನಕ್ಕಾಗಿ ಐದಾರು ಒಳ್ಳೆಯ ದನಿಗಳನ್ನಷ್ಟೇ ಆರಿಸುವ ರೂಢಿಯೂ ಬಂತು. ಬಾಯಿ ಆಡಿಸುವವರಿಗೆ ಜಾಗ ಉಳಿಯಲಿಲ್ಲ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಾಲೀಮಿನ ಕೋಣೆಯ ಬಾಗಿಲಲ್ಲಿ ಚೀಲ ಹಿಡಿದು ನಿಂತಳು. "ಸರ್, ಜಾನಪದ ಗೀತೆಗೆ ಹಲಗಿ ಬಾರಿಸಲೇನ್ರಿ? ಅಪ್ಪ ಕೊಟ್ಟಾನ್ರಿ." ಯಾರ ಮಗಳೆಂದು ಕೇಳಬೇಕಾಗಲಿಲ್ಲ, ಮುಖವೇ ಹೇಳುತ್ತಿತ್ತು. ಮಳೆಗಾಲ, ಚರ್ಮ ತಂಪು ಹಿಡಿದಿತ್ತು. ಹಿತ್ತಲಲ್ಲಿ ಕಾಗದ, ಕಸಕಡ್ಡಿ ಉರಿಸಿ ನಾನೇ ಹಲಗಿ ಕಾಯಿಸಿಕೊಟ್ಟೆ. ಆ ವರ್ಷದ ಗ್ಯಾದರಿಂಗಿನಲ್ಲಿ ಅವಳು ಜಮಖಾನೆಯ ನಟ್ಟನಡುವೆ ಕೂತು ಬಾರಿಸಿದಳು. ಅವಳಪ್ಪ ಬಂದಿದ್ದ. ಮುಂದೆ ಕುರ್ಚಿ ಹಾಕಿಸಿ ಕರೆದೆ. "ಇರಲಿ ಬಿಡ್ರಿ ಮಾಸ್ತರ್ರ, ಇಲ್ಲಿಂದನ ಛಲೋ ಕೇಳಸ್ತೈತಿ" ಎಂದು ಕಂಪೌಂಡಿನ ಹತ್ತಿರವೇ ನಿಂತ. ಒಂದೇ ಬೆಂಚಿನಲ್ಲಿ ಕೂತು ಓದಿದವನು ನನ್ನನ್ನು ಬಹುವಚನದಲ್ಲಿ ಕರೆದ. ಹಳೆಯ ಮಾತನ್ನು ಅವನೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಈಗ ಮಹೋತ್ಸವದ ತಾಲೀಮು ನಡೆದಿದೆ. ಹಳೆಯ ವಿದ್ಯಾರ್ಥಿಗಳು, ಈಗಿನ ಮಕ್ಕಳು ಕೂಡಿ ನಾಡಗೀತೆ ಹಾಡಬೇಕು. ಕುವೆಂಪು ಅವರ ಈ ಗೀತೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರದ ಆದೇಶ ಬಂದದ್ದು 2022ರಲ್ಲಿ. ಅದಕ್ಕಿಂತ ಮೊದಲು ಕಲಿತವರದು ಒಂದೊಂದು ಬ್ಯಾಚಿಗೆ ಒಂದೊಂದು ಧಾಟಿ, ಒಂದೊಂದು ನಡೆ. ಮಕ್ಕಳು ಮುಗಿಸಿದ ಮೇಲೂ ನಮ್ಮದು ಇನ್ನೊಂದು ಚರಣ ಉಳಿದಿರುತ್ತದೆ.

ಪ್ರದರ್ಶನಕ್ಕಿಡುವ ಆ ಹಳೆಯ ಫೋಟೋದ ಕೆಳಗೆ ಹೆಸರು ಬರೆದುಕೊಡಲು ಸಮಿತಿಯವರು ನನಗೆ ಹೇಳಿದ್ದಾರೆ. ಕೂತ ಹನ್ನೊಂದು ಜನರ ಹೆಸರು ಬರೆದೆ. ಎಡಗಡೆಯ ಕಿಟಕಿಯಲ್ಲಿ ಸರಳುಗಳ ಆಚೆ ಒಂದು ಮುಖ ಮಸುಕಾಗಿ ಕಾಣುತ್ತದೆ. ಹನ್ನೆರಡನೆಯ ಹೆಸರು ಬರೆಯುವ ಮುಂಚೆ ಅವನ ಮನೆಗೆ ಹೋಗಿ ಒಂದು ಮಾತು ಕೇಳಬೇಕಾಗಿದೆ.