ನೋಟಿಸಿನ ಹಿಂದಿನ ಇತಿಹಾಸ

ಮುನಿಸಿಪಾಲಿಟಿಯ ನೋಟಿಸು ಬಾಗಿಲಿಗೆ ಬಂತೆಂದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರಿಗಂತೂ ಮರಾಠಿಯಲ್ಲಿರುವ ಆ ಕಾಗದವನ್ನು ಬಲ್ಲವರಿಂದ ಓದಿಸಿಕೊಳ್ಳುವ ತನಕ ಅನ್ನ ಗಂಟಲಿಗಿಳಿಯದು. ಆದರೆ ಆ ಕಾಗದ ಹೆದರಿಸಲೆಂದು ಬಂದದ್ದಲ್ಲ, ನಮ್ಮ ಮಾತು ಕೇಳಲೆಂದು ಬಂದದ್ದು ಎಂಬುದನ್ನು ಅದರ ಇತಿಹಾಸ ಹೇಳುತ್ತದೆ.

ಬೋರಿಬಂದರಿನ ಎದುರಿಗಿರುವ ಮಹಾನಗರಪಾಲಿಕೆಯ ಕಟ್ಟಡವನ್ನು ನಾವೆಲ್ಲ ಕಂಡವರೇ. ಅದರ ಮುಂದೆ ನಿಂತಿರುವ ಪ್ರತಿಮೆ ಸರ್ ಫಿರೋಜ್‌ಶಾ ಮೆಹತಾ ಅವರದು. ಬ್ಯಾರಿಸ್ಟರರಾಗಿದ್ದ ಅವರು 1888ರ ಮುನಿಸಿಪಲ್ ಕಾಯಿದೆಯನ್ನು ರೂಪಿಸುವಲ್ಲಿ ಬಹಳ ಶ್ರಮಿಸಿದವರು. ಅನೇಕ ತಿದ್ದುಪಡಿಗಳೊಡನೆ ಇಂದಿಗೂ ನಗರದ ಆಡಳಿತ ನಡೆಯುವುದು ಅದೇ ಕಾಯಿದೆಯಂತೆ. ದಾವೆ ಹೂಡುವುದು, ಬಂದ ದಾವೆಗೆ ಉತ್ತರ ಕೊಡುವುದು, ಕಾನೂನು ಸಲಹೆ ಪಡೆಯುವುದು ಇವಕ್ಕೆಲ್ಲ ಕಮಿಷನರರಿಗೆ ಅದರ 517ನೆಯ ಕಲಮು ಅಧಿಕಾರ ಕೊಡುತ್ತದೆ. ಈ ಕೆಲಸಗಳನ್ನು ನೋಡಿಕೊಳ್ಳುವುದೇ ಪಾಲಿಕೆಯ ಕಾನೂನು ವಿಭಾಗ. ಅದು ಪಾಲಿಕೆಯ ವಕೀಲ, ನಮ್ಮ ವಕೀಲನಲ್ಲ. ಹಾಗಾದರೆ ಜನರಿಗೆ ಅದರಿಂದೇನು ಪ್ರಯೋಜನ?

ಉತ್ತರಕ್ಕಾಗಿ 1863ರ ಲಂಡನ್ನಿಗೆ ಹೋಗಬೇಕು. ಅಲ್ಲಿ ಕೂಪರ್ ಎಂಬಾತ ಮನೆ ಕಟ್ಟತೊಡಗಿದ್ದ. ತಳಪಾಯಕ್ಕೆ ಮುಂಚೆ ಏಳು ದಿನದ ನೋಟಿಸು ಕೊಡಬೇಕೆಂಬ ನಿಯಮವನ್ನು ಆತ ಪಾಲಿಸಲಿಲ್ಲವೆಂದು ವಾಂಡ್ಸ್‌ವರ್ತ್ ಬೋರ್ಡಿನವರು ಒಂದು ಮಾತೂ ಕೇಳದೆ ಮನೆಯನ್ನು ಕೆಡವಿದರು. ಕೆಡವುವ ಅಧಿಕಾರ ಕಾಯಿದೆಯಲ್ಲಿತ್ತು, ಕೇಳಬೇಕೆಂದು ಬರೆದಿರಲಿಲ್ಲ. ಆದರೂ ಕೂಪರ್ ಗೆದ್ದ. ಆದಾಮನ ಮಾತು ಕೇಳದೆ ದೇವರೂ ಆತನಿಗೆ ಶಿಕ್ಷೆ ವಿಧಿಸಲಿಲ್ಲ ಎಂಬ ಹಳೆಯ ಉಕ್ತಿಯನ್ನು ನ್ಯಾಯಾಧೀಶರು ನೆನಪಿಸಿದರು.

ಇದೇ ಪ್ರಶ್ನೆ ಮುಂಬಯಿಯಲ್ಲಿ 1981ರ ಮಳೆಗಾಲದಲ್ಲಿ ಎದ್ದಿತು. ಕಾಲುದಾರಿಯ ಜೋಪಡಿಗಳನ್ನು ಕಿತ್ತು ಅಲ್ಲಿನವರನ್ನು ಊರಿಗೆ ಕಳಿಸಲು ಸರಕಾರ ಮುಂದಾಯಿತು. ಬರಗಾಲದಲ್ಲಿ ಕೂಲಿ ಕಳೆದುಕೊಂಡು 1961ರಲ್ಲಿ ಸೇಲಂನಿಂದ ಬಂದಿದ್ದ ಒಬ್ಬಾತನನ್ನೂ ಸಂಸಾರಸಹಿತ ಬಸ್ಸು ಹತ್ತಿಸಿದರು. ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಆತ ಕೆಲಸ ಹುಡುಕುತ್ತ ಮರಳಿ ಬಂದ. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಅವನ ಕಥೆ ಬೇರೆಯವರದೆನಿಸುವುದಿಲ್ಲ.

ಪಾಲಿಕೆ ನೆಚ್ಚಿಕೊಂಡದ್ದು 314ನೆಯ ಕಲಮನ್ನು. ಅದು ನೋಟಿಸಿಲ್ಲದೆಯೂ ಅತಿಕ್ರಮಣ ತೆಗೆಸಬಹುದೆನ್ನುತ್ತದೆ. ಪತ್ರಕರ್ತೆ ಓಲ್ಗಾ ಟೆಲಿಸ್ ಮೊದಲಾದವರು ಸುಪ್ರೀಂ ಕೋರ್ಟಿಗೆ ಹೋದರು. 1985ರ ಜುಲೈ 10ರಂದು ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡರ ನೇತೃತ್ವದ ಐವರ ಪೀಠ ತೀರ್ಪಿತ್ತಿತು: ಬದುಕುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ, 'ತೆಗೆಸಬಹುದು' ಎಂದರೆ ತೆಗೆಸಲೇಬೇಕೆಂದಲ್ಲ, ತುರ್ತು ಸಂದರ್ಭ ಬಿಟ್ಟರೆ ನೋಟಿಸು ಕೊಟ್ಟು ಕೇಳಲೇಬೇಕು. ಹಾಗೆಂದು ಕಾಲುದಾರಿಯಲ್ಲಿ ನೆಲೆಸುವ ಹಕ್ಕನ್ನು ನ್ಯಾಯಾಲಯ ಕೊಡಲಿಲ್ಲ. ಅಕ್ಟೋಬರ್ 31ರ ತನಕ ತೆರವು ನಿಂತಿತು. 1976ರ ಗಣತಿಯಲ್ಲಿದ್ದವರಿಗೆ ಬದಲಿ ಜಾಗ ಕೊಡಬೇಕೆಂದಾಯಿತು.

ಕಾನೂನು ವಿಭಾಗದಿಂದ ಜನರಿಗಾಗುವ ಉಪಕಾರ ಇಲ್ಲಿದೆ. ಕೆಡವಲು ಹೊರಟ ಅಧಿಕಾರಿಗೆ 'ಮೊದಲು ನೋಟಿಸು ಕೊಡಿ, ಉತ್ತರ ಓದಿ, ಕಾರಣ ಬರೆಯಿರಿ' ಎಂದು ಕಚೇರಿಯೊಳಗೇ ಹೇಳಬೇಕಾದುದು ಅದು. ಹೇಳದಿದ್ದರೆ ನ್ಯಾಯಾಲಯದಲ್ಲಿ ತಲೆತಗ್ಗಿಸಬೇಕಾದುದೂ ಅದೇ.

ನಮ್ಮ ಕರ್ತವ್ಯವೂ ಇದೆ. ಸರಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಗೊತ್ತು: ಕಡತದಲ್ಲಿಲ್ಲದ ಮಾತು ಆಡದ ಮಾತಿಗೆ ಸಮ. ಆದ್ದರಿಂದ ನೋಟಿಸನ್ನು ಹರಿದೆಸೆಯದೆ, ದಲ್ಲಾಳಿಯ ಕೈಗೂ ಕೊಡದೆ, ಅದರಲ್ಲಿ ಹೇಳಿದ ಅವಧಿಯೊಳಗೆ ಲಿಖಿತ ಉತ್ತರ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಪಾಲಿಕೆಯ ಮೇಲೆ ದಾವೆ ಹೂಡುವವರು ಸಾಮಾನ್ಯವಾಗಿ 527ನೆಯ ಕಲಮಿನಂತೆ ಒಂದು ತಿಂಗಳ ನೋಟಿಸು ಕೊಡಬೇಕು. ಅವರಿಗೂ ನಮ್ಮಿಂದ ನೋಟಿಸು ಸಲ್ಲುತ್ತದೆಂಬುದನ್ನು ಮರೆಯಬಾರದು! ವಕೀಲರಿಗೆ ಕೊಡಲು ಹಣವಿಲ್ಲದವರಿಗೂ, ಆದಾಯ ನೋಡದೆ ಸ್ತ್ರೀಯರಿಗೂ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಉಚಿತ ನೆರವುಂಟು.

ಕೇಳುವುದು ಅವರ ಧರ್ಮ; ಹೇಳುವುದು ನಮ್ಮದು.